ಸಾಲ ಇಲ್ಲದವ ಎಂಥಾ ಹೀರೋ?

ಜತ್ತ: ಗೋಡೆಯ ಮೇಲೆ ಬಲೆ ಎಸೆಯುತ್ತಿರುವ ಸ್ಪೈಡರ್‌ಮ್ಯಾನ್. ಅದರ ಪಕ್ಕಕ್ಕೆ ಕುದುರೆ ಏರಿ ಕುಳಿತ ಟೊಪ್ಪಿಗೆಯ ಕೌಬಾಯ್. ನಡುವೆ ಗುಡ್ಡಾಪುರ ದಾನಮ್ಮದೇವಿಯ ಫೋಟೊ, ಅದಕ್ಕೊಂದು ಊದುಬತ್ತಿ. ಕೆಳಗೆ ಕಾಜಿನ ಕಪಾಟಿನಲ್ಲಿ ಹೊಟ್ಟೆ ಬಿಚ್ಚಿಟ್ಟ ಮೊಬೈಲುಗಳು.

ಬಸ್ ಸ್ಟ್ಯಾಂಡ್ ಕಡೆಯ ಈ ಪುಟ್ಟ ದುರಸ್ತಿ ಅಂಗಡಿಗೆ ಡಿಸ್‌ಪ್ಲೇ ಬದಲಿಸಲು ಹೋದವರು ಸುಮ್ಮನೆ ಎದ್ದು ಬರುವಂತಿಲ್ಲ. ಮಾಲೀಕರು ಸ್ಕ್ರೂ ತಿರುವುತ್ತಲೇ ಮಾತು ತೆಗೆಯುತ್ತಾರೆ. ಬ್ಯಾಟ್‌ಮ್ಯಾನ್ ದೊಡ್ಡವನೋ, ಸ್ಪೈಡರ್‌ಮ್ಯಾನ್ ದೊಡ್ಡವನೋ? ಗಿರಾಕಿ ಏನೇ ಹೇಳಲಿ, ಇವರ ತೀರ್ಪು ಮೊದಲೇ ತಯಾರಿರುತ್ತದೆ.

'ಹೀರೋ ಎಷ್ಟ್ ಎತ್ತರಕ್ಕ ಹಾರ್ತಾನ ಅಂತ ನಾ ನೋಡಂಗಿಲ್ರಿ. ಅವಂದು ಯಾರ ಕಡೆ ಎಷ್ಟು ಬಾಕಿ ಅದ, ಅದನ್ನ ನೋಡ್ತೀನಿ. ಸಾಲ ಇಲ್ಲದವ ಎಂಥಾ ಹೀರೋ?'

ಹೀಗೆ ಹೇಳುವುದಕ್ಕೆ ಅವರಿಗೊಂದು ಹಕ್ಕಿದೆ. ಉಮದಿ ಭಾಗದ ಹಳ್ಳಿಯವರಾದ ಈ 34ರ ಗೃಹಸ್ಥರು ಅಂಗಡಿ ಹಾಕುವ ಮುಂಚೆ ಐದಾರು ವರ್ಷ ಖಾಸಗಿ ಫೈನಾನ್ಸ್ ಒಂದರ ವಸೂಲಿ ಕೆಲಸದಲ್ಲಿದ್ದರು. ಬೈಕು, ಟ್ರ್ಯಾಕ್ಟರ್, ಟಂಟಂಗಳ ಕಂತು ತಪ್ಪಿದವರ ಬಾಗಿಲಿಗೆ ಹೋಗಿ ನಿಲ್ಲುವ ಕೆಲಸ. ಪೇಪರಿನಲ್ಲಿ ಹೆಸರು ಬೇಡವೆಂದರು. ತಾವು ಹೋಗಿ ನಿಂತಿದ್ದ ಮನೆಗಳಿಗೂ ಇದೇ ಪೇಪರು ಹೋಗುತ್ತದೆ ಎಂಬುದು ಅವರ ಅಂಜಿಕೆ.

ಬಾಡಿಗೆ ಬಾಕಿಯ ಸ್ಪೈಡರ್‌ಮ್ಯಾನ್

ಹುಚ್ಚು ಹತ್ತಿದ್ದು 2004ರ ದೀಪಾವಳಿ ಸುಟ್ಟಿಯಲ್ಲಿ. ಸಾಂಗಲಿಯ ಅಕ್ಕನ ಮನೆಗೆ ಹೋದಾಗ ಭಾವ ಬಾಡಿಗೆ ಸೀಡಿ ತಂದಿದ್ದರು. ಸ್ಯಾಮ್ ರೈಮಿ ನಿರ್ದೇಶಿಸಿದ 'ಸ್ಪೈಡರ್‌ಮ್ಯಾನ್ 2', ಹಿಂದಿಯಲ್ಲಿ. ಆ ಚಿತ್ರದಲ್ಲಿ ಊರು ಕಾಯುವ ವೀರನಿಗೆ ಪಿಜ್ಜಾ ಮುಟ್ಟಿಸುವ ನೌಕರಿಯೂ ಉಳಿಯುವುದಿಲ್ಲ. ಖೋಲಿಯ ಬಾಗಿಲು ತೆರೆದರೆ ಮಾಲೀಕ ಬಾಡಿಗೆ ಕೇಳುತ್ತಾನೆ. ಮುದುಕಿ ಮೇ ಚಿಕ್ಕಮ್ಮ ಮನೆ ಉಳಿಸಿಕೊಳ್ಳಲು ಬ್ಯಾಂಕಿಗೆ ಹೋದರೆ ಸಾಲ ಇಲ್ಲ ಎನ್ನುತ್ತಾರೆ. ಅಷ್ಟರಲ್ಲಿ ಅದೇ ಬ್ಯಾಂಕಿಗೆ ನಾಲ್ಕು ಉಕ್ಕಿನ ತೋಳಿನ ಖಳ ನುಗ್ಗುತ್ತಾನೆ.

ಹೊಡೆದಾಟ ಎಲ್ಲರಿಗೂ ನೆನಪಿದೆ. ಇವರಿಗೆ ನೆನಪಿರುವುದು ಅದಕ್ಕೂ ಮುಂಚಿನದು, ಅರ್ಜಿ ಹಿಡಿದು ಮೇಜಿನ ಮುಂದೆ ಕೂತ ಚಿಕ್ಕಮ್ಮನ ಮುಖ. 'ನಮ್ಮ ಅಪ್ಪ ಸೊಸಾಯಿಟಿಯೊಳಗ ಹಂಗ ಕುಂಡ್ರತಿದ್ದ' ಎನ್ನುತ್ತಾರೆ.

ಈ ತಕ್ಕಡಿಯಲ್ಲಿ ತೂಗಿದರೆ ಬ್ಯಾಟ್‌ಮ್ಯಾನ್, ಐರನ್‌ಮ್ಯಾನ್ ಇಬ್ಬರೂ ಫೇಲು. ಒಬ್ಬ ಆಗರ್ಭ ಶ್ರೀಮಂತ, ಇನ್ನೊಬ್ಬ ಶಸ್ತ್ರಾಸ್ತ್ರ ಕಾರ್ಖಾನೆಯ ಧಣಿ. 2012ರ 'ದ ಡಾರ್ಕ್ ನೈಟ್ ರೈಸಸ್'ನಲ್ಲಿ ಖಳರು ಶೇರು ಪೇಟೆಗೆ ನುಗ್ಗಿ, ಬ್ರೂಸ್ ವೇನ್‌ನ ಬೆರಳಚ್ಚು ಬಳಸಿ ಸುಳ್ಳು ವ್ಯವಹಾರ ಮಾಡಿ, ಒಂದೇ ದಿನದಲ್ಲಿ ಅವನನ್ನು ದಿವಾಳಿ ಎಬ್ಬಿಸುತ್ತಾರೆ. ಲೆಕ್ಕಪತ್ರ ಬಲ್ಲವರು ಯಾರಾದರೂ ನಗುವಂಥದ್ದೇ. ಅಷ್ಟು ದೊಡ್ಡ ಹಲ್ಲೆ ಆದ ದಿನದ ವ್ಯವಹಾರವನ್ನು ಯಾವ ಮಾರುಕಟ್ಟೆ ಊರ್ಜಿತ ಎಂದೀತು? ಇವರ ತಕರಾರು ಅದಲ್ಲ. 'ದಿವಾಳಿ ಆದ್ರೂ ಊಟಕ್ಕ ಅಡಚಣಿ ಆಗಿದ್ದು ಕಾಣಲಿಲ್ಲ. ಅಂಥಾ ದಿವಾಳಿ ನಮಗೂ ಬರಲಿ' ಎಂದು ನಗುತ್ತಾರೆ.

ಇತ್ತೀಚಿನವುಗಳಲ್ಲಿ ಪಾಸಾದದ್ದು 2021ರ ಒಂದು ಧಾರಾವಾಹಿ, 'ದ ಫಾಲ್ಕನ್ ಆ್ಯಂಡ್ ದ ವಿಂಟರ್ ಸೋಲ್ಜರ್'. ಲೋಕ ಉಳಿಸಿದ ಸ್ಯಾಮ್ ವಿಲ್ಸನ್ ಲೂಸಿಯಾನಾದ ತನ್ನೂರಿಗೆ ಬಂದು, ಸೋದರಿಯ ಜತೆ ಮನೆತನದ ದೋಣಿಗಾಗಿ ಸಾಲ ಕೇಳುತ್ತಾನೆ. ಬ್ಯಾಂಕಿನವ ಗುರುತು ಹಿಡಿದು ಹಿಗ್ಗುತ್ತಾನೆ. ಸಾಲ ಮಾತ್ರ ಕೊಡುವುದಿಲ್ಲ. ಇದನ್ನು ಅಂಗಡಿಗೆ ಬಂದ ಪ್ರತಿ ಗಿರಾಕಿಗೂ ಹೇಳಿಯೇ ಹೇಳುತ್ತಾರೆ.

ಕಾಲಿಯಾ ಎಂಬ ವಸೂಲಿದಾರ

ಕೌಬಾಯ್ ಬಂದದ್ದು ತಂದೆಯ ಕಡೆಯಿಂದ. ತಂದೆಗೆ 'ಶೋಲೆ' ಬಾಯಿಪಾಠ. 1975ರ ಆಗಸ್ಟ್ 15ರಂದು ತೆರೆಕಂಡ ಆ ಚಿತ್ರದ ರಾಮಗಢ ನಮ್ಮ ಕರ್ನಾಟಕದ ರಾಮನಗರದ ಬಂಡೆಗಳ ನಡುವೆ ಎದ್ದ ಊರು ಎಂಬುದು ಗಡಿಯಾಚೆಯ ಕನ್ನಡಿಗರಿಗೆ ಇವತ್ತಿಗೂ ಹೆಮ್ಮೆ. ಆದರೆ ಕಥೆಯ ಬೇರು ದೂರದ್ದು. ಇಟಲಿಯ ಸೆರ್ಜಿಯೋ ಲಿಯೋನೆ 1964ರಲ್ಲಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ತೆಗೆದಾಗ ಅಮೆರಿಕದ ಮರುಭೂಮಿ ಎಂದು ತೋರಿಸಿದ್ದು ಸ್ಪೇನ್ ದೇಶದ ಒಣ ನೆಲವನ್ನು. ಕಥೆಯೋ, ಜಪಾನಿನ ಕುರೊಸಾವಾ ಅವರ 1961ರ 'ಯೋಜಿಂಬೊ'ದಿಂದ ಎತ್ತಿದ್ದು. ಅದೇ ಲಿಯೋನೆಯ 1968ರ ಚಿತ್ರವೊಂದರಲ್ಲಿ ಇಡೀ ಕುಟುಂಬವನ್ನು ಗುಂಡಿಟ್ಟು ಕೊಲ್ಲುವ ದೃಶ್ಯ ಠಾಕೂರನ ಮನೆಯಂಗಳಕ್ಕೆ ಬಂತು. ಮೂರು ಖಂಡ ಸುತ್ತಿ ರಾಮನಗರಕ್ಕೆ ಬಂದ ಕುದುರೆ ಎನ್ನಬೇಕು.

ವಸೂಲಿಯವರ ಕಣ್ಣಿಗೆ ಶೋಲೆ ಬೇರೆಯೇ ಕಾಣುತ್ತದೆ. ಗಬ್ಬರನ ಮೂವರು ಆಳುಗಳು ರಾಮಗಢಕ್ಕೆ ಹೋಗುವುದು ದರೋಡೆಗಲ್ಲ, ಕಾಳಿನ ಪಾಲು ಎತ್ತಲು. ಬರಿಗೈಯಲ್ಲಿ ವಾಪಸಾದಾಗ ಗಬ್ಬರ್ ಮೂವರನ್ನೂ ಗುಂಡಿಟ್ಟು ಕೊಲ್ಲುತ್ತಾನೆ.

'ಎಲ್ಲಾರೂ ಗಬ್ಬರನ್ನ ನೋಡ್ತಾರ. ನಾ ಕಾಲಿಯಾನ ನೋಡ್ತಿದ್ದೆ. ತಿಂಗಳ ಕಡೀಕ ಟಾರ್ಗೆಟ್ ಆಗದ ಮ್ಯಾನೇಜರನ ಮುಂದ ನಿಂತಾಗ ಅವನ ನೆನಪಾಗ್ತಿದ್ದ' ಎನ್ನುವಾಗ ಅವರ ದನಿಯಲ್ಲಿ ತಮಾಷೆ ಅರ್ಧ, ಉಳಿದರ್ಧ ಬೇರೆ ಏನೋ.

ಹಳೆಯ ಅಮೆರಿಕದ ಕೌಬಾಯ್ ಚಿತ್ರಗಳು ಇವರಿಗೆ ಅಷ್ಟಾಗಿ ಸೇರುವುದಿಲ್ಲ. ಅಲ್ಲಿಯ ಮೂಲನಿವಾಸಿಗಳ ನೆಲ ಕಸಿದು, ಮೇಲಿಂದ ಅವರನ್ನೇ ಖಳರಾಗಿ ನಿಲ್ಲಿಸಿದ್ದು ಸರಿಯಲ್ಲ ಎಂದು ನೇರವಾಗಿಯೇ ಹೇಳುತ್ತಾರೆ. ಮೆಚ್ಚುವುದು ಹೊಸದನ್ನು. 2016ರ 'ಹೆಲ್ ಆರ್ ಹೈ ವಾಟರ್'ನಲ್ಲಿ ಟೆಕ್ಸಾಸಿನ ಅಣ್ಣತಮ್ಮ ಇಬ್ಬರು ಒಂದೇ ಬ್ಯಾಂಕಿನ ಶಾಖೆಗಳನ್ನು ಲೂಟಿ ಮಾಡಿ, ಅದೇ ರೊಕ್ಕದಿಂದ ಅದೇ ಬ್ಯಾಂಕಿನಲ್ಲಿ ಒತ್ತೆ ಬಿದ್ದ ಹೊಲ ಬಿಡಿಸಿಕೊಳ್ಳುತ್ತಾರೆ. ಮರುವರ್ಷದ 'ಲೋಗನ್' ಇನ್ನೂ ಇಷ್ಟ. ಉಗುರಿನ ವೀರ ವುಲ್ವರಿನ್ ಅದರಲ್ಲಿ ಮುದುಕನಾಗಿ, ಮೆಕ್ಸಿಕೋ ಗಡಿಯಲ್ಲಿ ಬಾಡಿಗೆ ಕಾರು ಓಡಿಸಿ, ಹಾಸಿಗೆ ಹಿಡಿದ ಗುರುವಿನ ಔಷಧಿಗೆ ರೊಕ್ಕ ಹೊಂದಿಸುತ್ತಾನೆ. ಚಿತ್ರದ ನಡುವೆ ಹೋಟೆಲ್ ಖೋಲಿಯ ಟೀವಿಯಲ್ಲಿ 1953ರ ಕೌಬಾಯ್ ಚಿತ್ರ 'ಶೇನ್' ಓಡುತ್ತಿರುತ್ತದೆ. ಸೂಪರ್‌ಹೀರೋ ಮತ್ತು ಕೌಬಾಯ್ ಇಬ್ಬರೂ ಒಂದೇ ಗರಡಿಯವರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ ಎಂಬುದು ಇವರ ವಾದ.

ಅವ್ವ ಕೇಳಿದ ಪ್ರಶ್ನೆ

ಇಷ್ಟೆಲ್ಲ ಸಿನಿಮಾದ ಮಾತಾಯಿತು. ಮನೆಯೊಳಗೆ ಗದ್ದಲ ಎಬ್ಬಿಸಿದ್ದು ಒಂದು ಗೇಮು.

2018ರ ಸೆಪ್ಟೆಂಬರಿನಲ್ಲಿ ಸ್ಪೈಡರ್‌ಮ್ಯಾನ್ ಗೇಮ್ ಬಂತು, ಅಕ್ಟೋಬರಿನಲ್ಲಿ ಕೌಬಾಯ್ ಗೇಮ್ 'ರೆಡ್ ಡೆಡ್ ರಿಡೆಂಪ್ಷನ್ 2'. ಇವರ ಕೈಗೆ ಎರಡೂ ಸಿಕ್ಕಿದ್ದು 2020ರಲ್ಲಿ, ಹಳೆಯ ಪ್ಲೇಸ್ಟೇಷನ್ ಒಂದರ ಜತೆ. ಅದನ್ನೂ ಗೆಳೆಯನಿಂದ ಕಂತಿನ ಮೇಲೆಯೇ ಕೊಂಡದ್ದು! ಕೊರೊನಾ ಕಾಲ. ಮಾರ್ಚಿನಿಂದ ಆಗಸ್ಟ್‌ವರೆಗೆ ಸಾಲದ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ವಸೂಲಿಯವರಿಗೆ ಕೆಲಸವಿಲ್ಲ. ಹಗಲೂ ರಾತ್ರಿ ಆಟ.

ಸ್ಪೈಡರ್‌ಮ್ಯಾನ್ ಗೇಮಿನಲ್ಲೂ ಪೀಟರ್ ಬಾಡಿಗೆ ಕಟ್ಟದೆ ಖೋಲಿ ಕಳಕೊಳ್ಳುತ್ತಾನೆ. ಅವನ ಸಾಮಾನು ಕಸದ ಗಾಡಿಗೆ ಬೀಳುತ್ತದೆ. ಅದು ಇವರಿಗೆ ಖುಷಿ ಕೊಟ್ಟಿತು. ಆದರೆ ಎದೆಗೆ ತಾಗಿದ್ದು ಇನ್ನೊಂದು.

ಕೌಬಾಯ್ ಗೇಮು ನಡೆಯುವುದು 1899ರಲ್ಲಿ. ನಾಯಕ ಆರ್ಥರ್ ಮಾರ್ಗನ್ ಕಳ್ಳರ ತಂಡದವ. ತಂಡದೊಳಗೆ ಸ್ಟ್ರಾಸ್ ಎಂಬ ಬಡ್ಡಿ ವ್ಯವಹಾರದವನಿದ್ದಾನೆ. ಬಡವರಿಗೆ ಸಾಲ ಕೊಡುವುದು ಅವನ ಕೆಲಸ, ಹೋಗಿ ವಸೂಲಿ ಮಾಡುವುದು ಆರ್ಥರನ ಕೆಲಸ. ಡೌನ್ಸ್ ಎಂಬ ರೋಗಿಷ್ಠ ರೈತನ ಹೊಲಕ್ಕೆ ಹೋಗಿ ಆರ್ಥರ್ ಅವನನ್ನು ಬಡಿಯುತ್ತಾನೆ. ಹೆಂಡತಿ, ಮಗ ಬಂದು ಬೇಡಿಕೊಳ್ಳುತ್ತಾರೆ. ಆಡುವವನಿಗೆ ಇದನ್ನು ತಪ್ಪಿಸಲು ದಾರಿಯೇ ಇಲ್ಲ. ಗುಂಡಿ ಒತ್ತಲೇಬೇಕು.

ಆ ಹೊತ್ತಿಗೆ ಅವ್ವ ಜೋಳ ಹಸನು ಮಾಡುತ್ತ ಹಿಂದೆ ಕೂತಿದ್ದರಂತೆ. ಗೇಮಿಗೆ ಕನ್ನಡವೂ ಇಲ್ಲ, ಹಿಂದಿಯೂ ಇಲ್ಲ. ಮಗ ಆಗಾಗ ಕನ್ನಡದಲ್ಲಿ ಹೇಳುತ್ತಿದ್ದರು.

'ಯಾಕೋ ತಮ್ಮಾ, ಆ ಬಡವಗ ಯಾಕ ಬಡಿಲಿಕ್ಕತ್ತಿ?'

'ಸಾಲ ತಗೊಂಡಾನವ್ವ. ಕೊಟ್ಟಿಲ್ಲ.'

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ನೀನೂ ಹಿಂಗ ಮಾಡ್ತಿಯೇನು?'

ಇಲ್ಲ ಎಂದರು ಮಗ. ಕೈ ಮಾಡಿದವರಲ್ಲ, ಅದು ನಿಜ. ಆದರೆ ಸಂಖದ ಕಡೆ ಒಂದು ಮನೆಯ ಕಟ್ಟೆಯ ಮೇಲೆ ಸಂಜೆ ಆರರಿಂದ ರಾತ್ರಿ ಹತ್ತರ ತನಕ ಮಾತಾಡದೆ ಕೂತಿದ್ದರು, ಓಣಿಯವರೆಲ್ಲ ನೋಡಲಿ ಎಂದೇ. ಆ ಮನೆಯ ಹೆಣ್ಣುಮಗಳು ಎರಡು ಸಲ ಚಹಾ ತಂದಿಟ್ಟಳಂತೆ. 'ಬಡಿದಿದ್ರ ಪಾಡಿತ್ತು. ಆ ಚಾ ಇನ್ನೂ ಗಂಟಲದಾಗ ಅದ' ಎಂದರು.

ಗೇಮಿನ ಡೌನ್ಸ್ ಸಾಯುತ್ತಾನೆ. ಹೊಡೆಯುವಾಗ ಅವ ಕೆಮ್ಮಿದ ರಕ್ತ ಆರ್ಥರನ ಮುಖಕ್ಕೆ ಸಿಡಿದಿರುತ್ತದೆ. ಅದರಿಂದಲೇ ಅವನಿಗೆ ಕ್ಷಯ ಅಂಟುತ್ತದೆ, ಆ ಕ್ಷಯವೇ ಅವನನ್ನು ಮುಗಿಸುತ್ತದೆ. ಹೊಲ ಹೋದ ಮೇಲೆ ಡೌನ್ಸನ ಹೆಂಡತಿ ಬೀದಿಗೆ ಬೀಳುತ್ತಾಳೆ, ಮಗ ಗಣಿಗೆ ಸೇರುತ್ತಾನೆ. ಕಡೆಕಡೆಗೆ ಆರ್ಥರ್ ಸ್ಟ್ರಾಸನನ್ನು ತಂಡದಿಂದ ಹೊರಗಟ್ಟುತ್ತಾನೆ.

'ನಮ್ಮಲ್ಲಿ ಸ್ಟ್ರಾಸ್ ಪುಣೆ, ಮುಂಬೈ ಆಫೀಸಿನಾಗ ಇರ್ತಾನ. ಅವನ್ನ ಯಾರು ಹೊರಗ ಹಾಕ್ಬೇಕು?'

ಗೇಮ್ ನೋಡಿ ನೌಕರಿ ಬಿಟ್ಟರೆಂದು ಬರೆಯಬೇಡಿ ಎಂದು ಎರಡೆರಡು ಸಲ ಹೇಳಿದರು. ಬಿಟ್ಟದ್ದು 2021ರಲ್ಲಿ. ಕಮಿಷನ್ ಇಳಿಸಿದರು, ಪೆಟ್ರೋಲ್ ಏರಿತು, ಅಷ್ಟೇ. ಆಮೇಲೆ ನಿಯಮಗಳೂ ಬಿಗಿಯಾದವು. ಬೆಳಿಗ್ಗೆ 8ರ ಮುಂಚೆ, ಸಂಜೆ 7ರ ನಂತರ ವಸೂಲಿಯ ಫೋನು ಮಾಡಬಾರದೆಂದು 2022ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿತು. ಗಡಿಯಾಚೆ ಕರ್ನಾಟಕದಲ್ಲಿ ಕಿರುಸಾಲದ ಬಲವಂತದ ವಸೂಲಿ ತಡೆಯಲು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯೇ ಬಂತು. ಒಂದೇ ಬೀಗತನ, ಒಂದೇ ಭಾಷೆ ಇರುವ ಊರುಗಳಲ್ಲಿ ಈ ಬದಿಯ ಸಾಲಗಾರನಿಗೊಂದು ಕಾನೂನು, ಆ ಬದಿಯವನಿಗೊಂದು.

ನಮ್ಮ ಕೌಬಾಯ್ ಕಥೆ

ಈ ಭಾಗದ್ದೇ ಒಂದು ಕಥೆಗೆ ಯಾರೂ ಗೇಮು ಮಾಡಿಲ್ಲ ಎಂಬ ಕೊರಗು ಇವರಿಗಿದೆ. ಅಮೆರಿಕದಲ್ಲಿ ಜೆಸ್ಸಿ ಜೇಮ್ಸ್ ಬ್ಯಾಂಕು, ರೈಲು ದೋಚುತ್ತಿದ್ದ ಕಾಲಕ್ಕೇ, 1875ರ ಮೇ ತಿಂಗಳಲ್ಲಿ, ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾವಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟರು. ಪುಣೆ, ಅಹಮದ್‌ನಗರ ಜಿಲ್ಲೆಗಳಿಗೆ ದಂಗೆ ಹಬ್ಬಿತು. ಬ್ರಿಟಿಷ್ ಸರಕಾರ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ತಂದಿತು. ಅದು ಮೊದಲು ಲಾಗೂ ಆದ ನಾಲ್ಕು ಜಿಲ್ಲೆಗಳಲ್ಲಿ ಸೊಲ್ಲಾಪುರವೂ ಒಂದು. ಜತ್ತ ಆಗ ಸಂಸ್ಥಾನ.

'ಕುದುರಿ ಅದಾವ, ಬಂದೂಕು ಅದಾವ, ಬೆಂಕಿ ಅದ, ಕುರಿ ಹಿಂಡೂ ಅದ. ಗೇಮಿಗಿ ಇನ್ನೇನ್ ಬೇಕ್ರಿ?' ಎಂದು ಕೇಳುತ್ತಾರೆ. ಮಾಡಗ್ಯಾಳದ ಕುರಿ ಹಿಂಡು, ಕುಸುಬೆಯ ಹೊಲ, ನೀರಿಲ್ಲದ ಹಳ್ಳ ಕಂಡವರು ಇಲ್ಲ ಎನ್ನಲಾರರು. ಆದರೆ ನಾಯಕ ಪತ್ರ ಸುಡುವವನೇ ಆಗಬೇಕು, ಕಡೆಗೆ ಅವನಿಗೂ ಶಿಕ್ಷೆ ಆಗಬೇಕು ಎಂಬುದು ಇವರ ಷರತ್ತು. ಶಿಕ್ಷೆ ಯಾಕೆ? 'ಆಗಿತ್ತಲ್ರಿ. ಎಷ್ಟೋ ಮಂದೀನ ಹಿಡಿದು ಜೇಲಿಗಿ ಹಾಕಿದ್ರು.'

ಆ ಗೇಮು ಯಾವ ಭಾಷೆಯಲ್ಲಿರಬೇಕು? ಮನೆಯಲ್ಲಿ ಜಗಳ ಇರುವುದೇ ಇಲ್ಲಿ. ಡಬ್ಬಿಂಗ್ ಬೇಡವೆಂಬ ಕಟ್ಟುಪಾಡು ಕನ್ನಡ ಚಿತ್ರರಂಗದಲ್ಲಿ ದಶಕಗಳ ಕಾಲ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟ ಮೇಲೆ ದಾರಿ ತೆರೆಯಿತು. 2022ರ ಹೊತ್ತಿಗೆ 'ಡಾಕ್ಟರ್ ಸ್ಟ್ರೇಂಜ್' ಕನ್ನಡ ಮಾತಾಡಿದ. 2023ರ ಸ್ಪೈಡರ್‌ಮ್ಯಾನ್ ಕಾರ್ಟೂನ್ ಚಿತ್ರ 'ಅಕ್ರಾಸ್ ದ ಸ್ಪೈಡರ್‌ವರ್ಸ್' ಕನ್ನಡ, ಮರಾಠಿ ಎರಡರಲ್ಲೂ ಬಂತು. ಬಾಲ್ಯವಿಡೀ ಹೀರೋಗಳನ್ನು ಹಿಂದಿಯಲ್ಲೇ ಕೇಳಿದ ಇವರು ಎರಡೂ ಟ್ರೇಲರುಗಳನ್ನು ಒಂದರ ಹಿಂದೊಂದು ಹಾಕಿ, ಮರಾಠಿ ಶಾಲೆಗೆ ಹೋಗುವ ಅಕ್ಕನ ಮಗನನ್ನು ಕೂಡಿಸಿದರು.

'ಮಾಮಾ, ಮರಾಠಿದು ಚಲೋ ಅದ. ಕನ್ನಡದ್ದು ನಮ್ಮ ಮನಿ ಕನ್ನಡ ಅಲ್ಲ, ಟೀವಿ ಕನ್ನಡ' ಅಂದನಂತೆ ಹುಡುಗ.

ಮಾಮಾ ಅದಕ್ಕೊಂದು ಉಪಾಯ ಮಾಡಿದ್ದಾರೆ. ಹುಡುಗ ಸುಟ್ಟಿಗೆ ಬಂದಾಗ ಗೇಮಿನ ದನಿ ಬಂದ್ ಮಾಡಿ, ಎಲ್ಲರ ಮಾತನ್ನೂ ತಾವೇ ಜತ್ತದ ಕನ್ನಡದಲ್ಲಿ ಆಡುತ್ತಾರೆ. ಆರ್ಥರ್ 'ಏನಪಾ' ಎನ್ನುತ್ತಾನೆ, ಸ್ಟ್ರಾಸ್ ಮಾತ್ರ ಅರೆಬರೆ ಹಿಂದಿ. ಕುದುರೆಗೆ ಅವ್ವ ಹೆಸರಿಟ್ಟಿದ್ದಾರೆ. ಹುಡುಗ ಗುಂಡು ಹಾರಿಸುವ ಭಾಗವನ್ನೇ ಹಾಕೆನ್ನುತ್ತಾನೆ, ಅಜ್ಜಿಗೆ ಬೇಕಾದದ್ದು ಬೇರೆ ಭಾಗ. ಆರ್ಥರ್ ಡೌನ್ಸನ ವಿಧವೆಯನ್ನು ಹುಡುಕಿ ಹೋಗಿ ಅವಳ ಕೈಗೆ ರೊಕ್ಕ ಇಡುವುದು.

'ಎಷ್ಟ್ ಕೊಟ್ಟ?' ಎಂದು ಅವ್ವ ಪ್ರತಿ ಸಲ ಕೇಳುತ್ತಾರೆ. 'ಹೊಲ ಬಿಡಿಸ್ಕೊಳ್ಳಾಕ ಸಾಲ್ತದೇನು?'