ಸರ್ವರ್‌ನ ನಾಡಿ ಹಿಡಿದು ನೋಡೋಣ

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನ ನಿಮ್ಮ ಅಕ್ಕನೋ ಅಣ್ಣನೋ ಮೊಬೈಲ್ ಹಿಡಿದು ಕೂತಿರುವುದನ್ನು ನೀವು ನೋಡಿರಬಹುದು. ನೋಂದಣಿ ಸಂಖ್ಯೆ ಒತ್ತುತ್ತಾರೆ. ಪುಟ ತೆರೆಯುವುದಿಲ್ಲ. ಪರದೆಯ ಮೇಲೆ ಚಕ್ರ ಸುಮ್ಮನೆ ಸುತ್ತುತ್ತಿರುತ್ತದೆ. "ಸರ್ವರ್ ಬ್ಯುಸಿ" ಎಂದು ಯಾರೋ ಹೇಳುತ್ತಾರೆ. ಸರ್ವರ್ ಎಂದರೇನು? ಅದಕ್ಕೆ ಕೆಲಸ ಹೆಚ್ಚಾಗಿದೆ ಎಂದು ತಿಳಿಯುವುದು ಹೇಗೆ?

ಸರ್ವರ್ ಕೂಡ ಒಂದು ಕಂಪ್ಯೂಟರೇ. ಎಲ್ಲೋ ದೂರದಲ್ಲಿ ಹಗಲೂ ರಾತ್ರಿ ಚಾಲೂ ಇದ್ದು, ಬೇರೆ ಕಂಪ್ಯೂಟರ್ ಮತ್ತು ಮೊಬೈಲ್‌ಗಳು ಕೇಳಿದ್ದನ್ನು ಒದಗಿಸುವುದು ಅದರ ಕೆಲಸ. ಜಗತ್ತಿನ ಎಷ್ಟೋ ಸರ್ವರ್‌ಗಳನ್ನು ನಡೆಸುವುದು ಲಿನಕ್ಸ್ ಎಂಬ ವ್ಯವಸ್ಥೆ. ಇದರ ತಿರುಳನ್ನು 1991ರಲ್ಲಿ ಬರೆದವರು ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್. ಆಗ ಅವರಿಗೆ 21 ವರ್ಷ. ಆಂಡ್ರಾಯ್ಡ್ ಮೊಬೈಲ್‌ನ ಒಳಗೆ ಇರುವುದೂ ಇದೇ ತಿರುಳು.

ವೈದ್ಯರು ಮೊದಲು ನಾಡಿ ಹಿಡಿದು ನೋಡುತ್ತಾರಲ್ಲವೇ? ಹಾಗೆಯೇ ಸರ್ವರ್ ನೋಡಿಕೊಳ್ಳುವವರು ಮೊದಲು ಎರಡು ಸಂಗತಿ ನೋಡುತ್ತಾರೆ. ಎಷ್ಟು ಕೆಲಸಗಳು ಸರದಿಯಲ್ಲಿವೆ? ಮೆಮೊರಿಯಲ್ಲಿ ಎಷ್ಟು ಜಾಗ ಸಿಗುತ್ತದೆ?

ಗಿರಣಿಯ ಮುಂದಿನ ಸರದಿ

ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಇರುವುದು ಒಂದೇ ಯಂತ್ರ. ಒಬ್ಬರ ರಾಗಿ ಬೀಸುತ್ತಿದೆ. ಇನ್ನೂ ಮೂವರ ಡಬ್ಬಗಳು ಸಾಲಾಗಿ ಕಾದಿವೆ. ಗಿರಣಿಯ ಹೊರೆ ಎಷ್ಟು? 1 + 3 = 4. ಕಂಪ್ಯೂಟರಿನಲ್ಲಿ ಬೀಸುವ ಯಂತ್ರವೇ ಪ್ರೊಸೆಸರ್. ನಡೆಯುತ್ತಿರುವ ಕೆಲಸ, ಕಾದಿರುವ ಕೆಲಸ ಎರಡನ್ನೂ ಕೂಡಿದರೆ ಬರುವುದು ಅದರ ಹೊರೆ. ಇದಕ್ಕೆ 'ಲೋಡ್' ಎನ್ನುತ್ತಾರೆ.

ಈ ಸಂಖ್ಯೆ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಆದ್ದರಿಂದ ಲಿನಕ್ಸ್ ಸುಮಾರು 5 ಸೆಕೆಂಡಿಗೊಮ್ಮೆ ಎಣಿಸಿ ಸರಾಸರಿ ತೆಗೆಯುತ್ತದೆ. ಒಂದಲ್ಲ, ಮೂರು ಸರಾಸರಿ: ಕಳೆದ 1 ನಿಮಿಷದ್ದು, 5 ನಿಮಿಷದ್ದು ಮತ್ತು 15 ನಿಮಿಷದ್ದು. ಇವೇ 'ಲೋಡ್ ಆವರೇಜ್'. ಈ ಲೆಕ್ಕ ಲಿನಕ್ಸ್‌ಗಿಂತ ಹಳೆಯದು. 1973ರಲ್ಲೇ ಅಮೆರಿಕದಲ್ಲಿ ಟೆನೆಕ್ಸ್ ಎಂಬ ವ್ಯವಸ್ಥೆಯನ್ನು ಬಳಸುವವರು ಇದನ್ನು ನೋಡುತ್ತಿದ್ದರು.

ಮೂರು ಏಕೆ ಬೇಕು? ಈ ಸಂಖ್ಯೆಗಳನ್ನು ನೋಡಿ: 6.00, 3.00, 1.00. ಹದಿನೈದು ನಿಮಿಷದ ಸರಾಸರಿ 1. ಈಚಿನ ಒಂದು ನಿಮಿಷದ್ದು 6. ಅಂದರೆ ಜನ ಈಗ ಬಂದು ಸೇರುತ್ತಿದ್ದಾರೆ. ಅದೇ 1.00, 3.00, 6.00 ಎಂದಿದ್ದರೆ? ಗದ್ದಲ ಮುಗಿದು ಸಾಲು ಕರಗುತ್ತಿದೆ. ಒಂದೇ ಸಂಖ್ಯೆ ಇದ್ದಿದ್ದರೆ ಇದು ತಿಳಿಯುತ್ತಿರಲಿಲ್ಲ.

ಒಂದು ವಿಶೇಷ ಗಮನಿಸಿ. ಇದು ನೀವು ತರಗತಿಯಲ್ಲಿ ಕಲಿತ ಸರಾಸರಿಯಂತಲ್ಲ. ಇಲ್ಲಿ ಹೊಸ ಎಣಿಕೆಗೆ ತೂಕ ಹೆಚ್ಚು, ಹಳೆಯದಕ್ಕೆ ಕಡಿಮೆ. ಆದರೆ ಹಳೆಯದು ಪೂರ್ತಿ ಅಳಿಸಿಹೋಗುವುದಿಲ್ಲ. ಸುಮ್ಮನಿದ್ದ ಕಂಪ್ಯೂಟರಿಗೆ ಬಿಡುವಿಲ್ಲದ ಒಂದೇ ಒಂದು ಕೆಲಸ ಕೊಟ್ಟು, ಒಂದು ನಿಮಿಷ ಬಿಟ್ಟು ನೋಡಿದರೆ ಮೊದಲ ಸಂಖ್ಯೆ 1 ಇರುವುದಿಲ್ಲ, ಸುಮಾರು 0.63 ಇರುತ್ತದೆ!

ಹಾಗಾದರೆ ಲೋಡ್ 4 ಎಂದರೆ ಹೆಚ್ಚೋ ಕಡಿಮೆಯೋ? ಅಷ್ಟರಿಂದಲೇ ಹೇಳಲಾಗದು. ಗಿರಣಿಯಲ್ಲಿ ನಾಲ್ಕು ಯಂತ್ರಗಳಿದ್ದರೆ ನಾಲ್ವರದ್ದೂ ಒಟ್ಟಿಗೆ ಬೀಸುತ್ತದೆ, ಯಾರೂ ಕಾಯಬೇಕಿಲ್ಲ. ಪ್ರೊಸೆಸರ್‌ನಲ್ಲೂ ಹೀಗೆ ಹಲವು ಯಂತ್ರಗಳಿರುತ್ತವೆ. ಅವುಗಳ ಹೆಸರು 'ಕೋರ್'. ಕೋರ್ 4 ಇದ್ದು ಲೋಡ್ 4 ಇದ್ದರೆ ಕೈತುಂಬ ಕೆಲಸ. ಕೋರ್ 1 ಇದ್ದರೆ ಅದೇ ಲೋಡ್‌ಗೆ ಮೂವರು ಕಾಯುತ್ತಾರೆ.

ಗಿರಣಿಗೆ ಇನ್ನೊಮ್ಮೆ ಬನ್ನಿ. ಯಂತ್ರ ಖಾಲಿ ಇದೆ, ಆದರೂ ಬಾಗಿಲಲ್ಲಿ ಜನ ನಿಂತಿದ್ದಾರೆ. ಏಕೆ? ಜೋಳದ ಚೀಲ ಹೊತ್ತ ಗಾಡಿ ಇನ್ನೂ ಬಂದಿಲ್ಲ! ಕಂಪ್ಯೂಟರಿನಲ್ಲೂ ಕೆಲವು ಕೆಲಸಗಳು ಡಿಸ್ಕ್‌ನಿಂದ ಮಾಹಿತಿ ಬರಲಿ ಎಂದು ಹೀಗೆ ಕಾಯುತ್ತವೆ. 1993ರಿಂದ ಲಿನಕ್ಸ್ ಇವರನ್ನೂ ಲೋಡ್‌ನಲ್ಲಿ ಎಣಿಸುತ್ತದೆ. ಆದ್ದರಿಂದ ಲೋಡ್ ಹೆಚ್ಚಿದ್ದರೂ ಪ್ರೊಸೆಸರ್ ಸುಮ್ಮನೆ ಕೂತಿರಬಹುದು.

ಮೇಜು ತುಂಬಿದೆ, ಆದರೂ ಜಾಗವಿದೆ

ಈಗ ಮೆಮೊರಿಯ ಮಾತು. ನಿಮ್ಮ ಗುರುಗಳ ಮೇಜು ಮೆಮೊರಿ ಎಂದುಕೊಳ್ಳಿ. ಮೂಲೆಯ ಬೀರು ಡಿಸ್ಕ್. ಬೀರುವಿನಿಂದ ಪುಸ್ತಕ ತರಲು ಎದ್ದು ಹೋಗಬೇಕು, ಹೊತ್ತು ಹಿಡಿಯುತ್ತದೆ. ಮೇಜಿನ ಮೇಲಿದ್ದರೆ ಕೈಗೇ ಸಿಗುತ್ತದೆ. ಅದಕ್ಕೆ ಗುರುಗಳು ಓದಿ ಮುಗಿಸಿದ ಪುಸ್ತಕವನ್ನೂ ಮೇಜಿನ ಮೇಲೇ ಬಿಟ್ಟಿರುತ್ತಾರೆ. ಮತ್ತೆ ಬೇಕಾದೀತು!

ಲಿನಕ್ಸ್ ಮಾಡುವುದೂ ಇದನ್ನೇ. ಒಮ್ಮೆ ಡಿಸ್ಕ್‌ನಿಂದ ತಂದದ್ದರ ನಕಲನ್ನು ಮೆಮೊರಿಯಲ್ಲೇ ಉಳಿಸಿಕೊಳ್ಳುತ್ತದೆ. ಹೊಸ ಕೆಲಸಕ್ಕೆ ಜಾಗ ಬೇಕೆಂದರೆ ತಕ್ಷಣ ತೆಗೆದುಬಿಡುತ್ತದೆ. ಹೀಗಾಗಿ ಒಂದು ಸರ್ವರ್‌ನ ಮೆಮೊರಿ ಒಟ್ಟು 8000 ಮೆಗಾಬೈಟ್ ಇದ್ದು, 'ಫ್ರೀ' ಎಂಬಲ್ಲಿ ಬರೀ 300 ಕಾಣಬಹುದು. ಹೊಸಬರು ಗಾಬರಿಯಾಗಿ "ಮೆಮೊರಿ ಮುಗಿಯಿತು, ಹೊಸದು ಕೊಳ್ಳೋಣ" ಎನ್ನುತ್ತಾರೆ. ಅದೇ ಸಾಲಿನ ಕೊನೆಯಲ್ಲಿ 'ಅವೈಲಬಲ್' ಎಂಬಲ್ಲಿ 5200 ಇರುತ್ತದೆ. ಬೇಕೆಂದರೆ ಸಿಗುವ ಜಾಗ ಅದು. ಈ ಅಂದಾಜನ್ನು ಲಿನಕ್ಸ್ ತಾನೇ ಹೇಳತೊಡಗಿದ್ದು 2014ರಿಂದ. ಮೊದಲೇ ಹೇಳಿದ್ದರೆ ಎಷ್ಟೋ ಜನರ ಹಣ ಉಳಿಯುತ್ತಿತ್ತೇನೋ!

'ಅವೈಲಬಲ್' ಕೂಡ ಕರಗುತ್ತಾ ಬಂದರೆ ಮಾತ್ರ ಚಿಂತೆ. ಆಗ ಲಿನಕ್ಸ್ ಸದ್ಯ ಬೇಡದ್ದನ್ನು ಡಿಸ್ಕ್‌ನ ಒಂದು ಮೂಲೆಗೆ ಸಾಗಿಸುತ್ತದೆ. ಇದಕ್ಕೆ 'ಸ್ವಾಪ್' ಎನ್ನುತ್ತಾರೆ. ಡಿಸ್ಕ್ ನಿಧಾನ, ನೆನಪಿದೆಯಲ್ಲ? ಸಾಗಣೆ ಹೆಚ್ಚಿದಂತೆ ಕೆಲಸಗಳು ಡಿಸ್ಕ್‌ಗಾಗಿ ಕಾಯುತ್ತವೆ, ಲೋಡ್ ಏರುತ್ತದೆ. ಅಂದರೆ ಮೇಜಿನ ತೊಂದರೆ ಗಿರಣಿಯ ಸಾಲಿನಲ್ಲಿ ಕಾಣಿಸಿಕೊಂಡಿತು! ಸ್ವಾಪ್ ಕೂಡ ತುಂಬಿದರೆ ಲಿನಕ್ಸ್ ಒಂದು ಕೆಲಸವನ್ನು, ಸಾಮಾನ್ಯವಾಗಿ ಹೆಚ್ಚು ಜಾಗ ನುಂಗಿದ್ದನ್ನು, ಬಲವಂತವಾಗಿ ನಿಲ್ಲಿಸಿಬಿಡುತ್ತದೆ. ಫಲಿತಾಂಶ ತೋರಿಸುವ ಕೆಲಸವೇ ಹಾಗೆ ನಿಂತರೆ ನಿಮ್ಮ ಅಕ್ಕನ ಪುಟ ತೆರೆಯುವುದೇ ಇಲ್ಲ.

ಈಗ ನೀವೇ ವೈದ್ಯರಾಗಿ. ಫಲಿತಾಂಶದ ದಿನ ಎರಡು ಸರ್ವರ್‌ಗಳಿವೆ ಎಂದುಕೊಳ್ಳೋಣ. ಎರಡರಲ್ಲೂ 4 ಕೋರ್, ಲೋಡ್ 20. ಮೊದಲನೆಯದರಲ್ಲಿ ಕೋರ್‌ಗಳಿಗೆ ಬಿಡುವೇ ಇಲ್ಲ, ಅವೈಲಬಲ್ 5000. ಎರಡನೆಯದರಲ್ಲಿ ಕೋರ್‌ಗಳು ಬಹುಪಾಲು ಸುಮ್ಮನಿವೆ, ಅವೈಲಬಲ್ 60, ಸ್ವಾಪ್ ತುಂಬುತ್ತಿದೆ. ಯಾವುದಕ್ಕೆ ಮೆಮೊರಿ ಬೇಕು? ಎರಡನೆಯದಕ್ಕೆ. ಮೊದಲನೆಯದಕ್ಕೆ ಎಷ್ಟು ಮೆಮೊರಿ ಸುರಿದರೂ ಸಾಲು ಕರಗದು. ಅಲ್ಲಿ ಕೋರ್‌ಗಳೇ ಹೆಚ್ಚಬೇಕು, ಇಲ್ಲವೇ ಇನ್ನೊಂದು ಸರ್ವರ್ ತಂದು ಕೆಲಸ ಹಂಚಬೇಕು.

ಮಾಡಿ ನೋಡಿ

ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಇದ್ದರೆ ಶಿಕ್ಷಕರನ್ನು ಕೇಳಿ 'ಟರ್ಮಿನಲ್' ತೆರೆಯಿರಿ. ಎಲ್ಲ ಅಕ್ಷರಗಳನ್ನೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಒತ್ತಬೇಕು. ಯು, ಪಿ, ಟಿ, ಐ, ಎಂ, ಇ ಒತ್ತಿ ಎಂಟರ್ ಮಾಡಿ. ಕೊನೆಯ ಮೂರು ಸಂಖ್ಯೆಗಳೇ ಲೋಡ್ ಆವರೇಜ್. ಎನ್, ಪಿ, ಆರ್, ಓ, ಸಿ ಒತ್ತಿದರೆ ಕೋರ್‌ಗಳೆಷ್ಟು ಎಂದು ತಿಳಿಯುತ್ತದೆ. ಎಫ್, ಆರ್, ಇ, ಇ ಒತ್ತಿ, ಒಂದು ಜಾಗ ಬಿಟ್ಟು, ಸಣ್ಣ ಅಡ್ಡಗೆರೆ ಮತ್ತು ಎಂ ಒತ್ತಿದರೆ ಮೆಮೊರಿಯ ಲೆಕ್ಕ ಬರುತ್ತದೆ. ಮೊದಲ ಸಾಲಿನ ಮೂರನೆಯ ಸಂಖ್ಯೆ ಫ್ರೀ, ಕೊನೆಯದು ಅವೈಲಬಲ್. ಎರಡನ್ನೂ ಬರೆದುಕೊಳ್ಳಿ. ಈಗ ಆ ಕಂಪ್ಯೂಟರಿನಲ್ಲೇ ಇರುವ ದೊಡ್ಡದೊಂದು ವಿಡಿಯೊವನ್ನು ಪೂರ್ತಿ ಓಡಿಸಿ, ಮುಚ್ಚಿ, ಮತ್ತೆ ನೋಡಿ. ಫ್ರೀ ಇಳಿದೇ ಇರುತ್ತದೆ, ಅವೈಲಬಲ್ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಆಗತಾನೆ ಚಾಲೂ ಮಾಡಿದ ಕಂಪ್ಯೂಟರಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.