ಗುಜರಿಗೆ ಹೋಗದ ಗಾಡಿಗಳು

ಕಟ್ಟಿನಹೊಳೆಯಲ್ಲಿ ಬೆಳಿಗ್ಗೆ ಆರೂವರೆಗೆ ಜೀಪುಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಬಾನೆಟ್ಟಿನ ಮೇಲೆ ಇಬ್ಬನಿ, ಟಾರ್ಪಾಲಿನ ಮಡಿಕೆಯಲ್ಲಿ ರಾತ್ರಿ ಮಳೆಯ ನೀರು. ಡ್ರೈವರ್ ಹೀಟರ್ ಕೊಟ್ಟು, ಮನಸ್ಸಿನಲ್ಲೇ ಹತ್ತು ಎಣಿಸಿ ಕೀ ತಿರುಗಿಸುತ್ತಾನೆ. ಎಂಜಿನ್ ಒಮ್ಮೆ ಕೆಮ್ಮುತ್ತದೆ, ಬಿಳಿ ಹೊಗೆ ಬಿಡುತ್ತದೆ, ಆಮೇಲೆ ಇಡೀ ಬಾಡಿಯನ್ನೇ ನಡುಗಿಸುತ್ತ ಹದಕ್ಕೆ ಬರುತ್ತದೆ. ಅವನು ಕೂಡಲೇ ಹೊರಡುವುದಿಲ್ಲ. ಕೆಳಗಿಳಿದು ಒಂದು ಸುತ್ತು ಹಾಕಿ, ಹಿಂದಿನ ಪ್ಲೇಟ್ ಕಟ್ಟನ್ನು ಕಾಲಿನಿಂದ ಒತ್ತಿ, ಚಕ್ರದ ಹತ್ತಿರ ತಲೆ ಬಗ್ಗಿಸಿ ಒಂದು ಕ್ಷಣ ನಿಲ್ಲುತ್ತಾನೆ. ನೋಡುವುದಕ್ಕಲ್ಲ, ಕೇಳುವುದಕ್ಕೆ.

ಇಲ್ಲಿಂದ ಮುಂದಿರುವುದು ಕೊಡಚಾದ್ರಿಯ ದಾರಿ. 1343 ಮೀಟರ್ ಎತ್ತರದ ಬೆಟ್ಟ. ಮೂಲ ಮೂಕಾಂಬಿಕೆಯ ಗುಡಿ ಮತ್ತು ಹಳೇ ಬಂಗಲೆಯವರೆಗೆ ಜೀಪು, ಅಲ್ಲಿಂದ ಸರ್ವಜ್ಞಪೀಠಕ್ಕೆ ನಡಿಗೆ. ರಸ್ತೆ ಎಂದು ಕರೆಯುವುದು ಅಭ್ಯಾಸಬಲದಿಂದ. ಅದು ಕಲ್ಲು, ಕೆಸರು, ಮಳೆನೀರು ಕೊರೆದ ಚರಂಡಿಗಳ ಏರು. ಗೇರಿನ ಪಕ್ಕದ ಲಿವರ್ ಎಳೆದು ಫೋರ್ ವ್ಹೀಲ್, ಲೋ ಗೇರ್ ಹಾಕಿದ ಮೇಲೆ ಜೀಪು ಮನುಷ್ಯ ನಡೆದಷ್ಟೇ ನಿಧಾನಕ್ಕೆ ಹತ್ತುತ್ತದೆ. ಹತ್ತುವ ಜೀಪುಗಳಲ್ಲಿ ಎಷ್ಟೋ ಗಾಡಿಗಳ ವಯಸ್ಸು ಓಡಿಸುವವನ ವಯಸ್ಸಿಗಿಂತ ಹೆಚ್ಚು.

ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ಹಳೇ ಗಾಡಿಯ ಹುಚ್ಚನ್ನು ಅರ್ಥ ಮಾಡಿಕೊಳ್ಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹೊಳೆಯುವ ವಿಂಟೇಜ್ ಕಾರುಗಳ ಸಾಲನ್ನು ನಾನು ಎಷ್ಟು ಸಲ ನೋಡಿದರೂ ದಣಿಯುವುದಿಲ್ಲ. ಆದರೆ ನಮ್ಮ ಕಡೆಯ ಹವ್ಯಾಸ ಬೇರೆ. ಇಲ್ಲಿ ಹಳೇ ಗಾಡಿ ಉಳಿದದ್ದು ದುಡಿಯುತ್ತಿದ್ದುದರಿಂದ. ಮಲೆನಾಡಿನ ಮನೆಗಳು ಊರಾಗಿ ಕೂಡಿಕೊಂಡಿಲ್ಲ. ಒಂದೊಂದು ಕಣಿವೆಗೆ ಒಂದು ಮನೆ, ಒಂದು ತೋಟ, ಡಾಂಬರು ರಸ್ತೆಯಿಂದ ಎರಡು–ಮೂರು ಕಿಲೋಮೀಟರ್ ಒಳಗೆ. ಗೊಬ್ಬರದ ಚೀಲ ಒಳಗೆ ಬರಬೇಕು, ಅಡಿಕೆ ಚೀಲ ಹೊರಗೆ ಹೋಗಬೇಕು, ಮಳೆಗಾಲದ ನಡುರಾತ್ರಿ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸಬೇಕು. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯವರಿಗೆ ಇದರ ಮೇಲೆ ಲಾಂಚಿನ ಸಮಯವನ್ನೂ ನೋಡಿಕೊಳ್ಳಬೇಕಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೂ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿದ ಜೀಪುಗಳಿಗೆ ಲೆಕ್ಕವಿಲ್ಲ.

ಮಹೀಂದ್ರದ ಸಿಜೆ 3ಬಿ ಜೀಪಿನ ಬಾನೆಟ್ ಯಾಕೆ ಅಷ್ಟು ಎತ್ತರ ಎಂದು ಚಿಕ್ಕವನಿದ್ದಾಗ ನನಗೆ ಆಶ್ಚರ್ಯ. ಅದರ ಒಳಗಿದ್ದ 2.2 ಲೀಟರಿನ ಪೆಟ್ರೋಲ್ ಎಂಜಿನ್‌ನಲ್ಲಿ ಇನ್‌ಲೆಟ್ ವಾಲ್ವ್‌ಗಳು ಹೆಡ್ಡಿನ ಮೇಲಕ್ಕೆ ಬಂದವು, ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ ಮೇಲೇರಿತು. ಚೆಂದಕ್ಕೆಂದು ಮಾಡಿದ್ದಲ್ಲ. ಆಮೇಲೆ ಪೆಜೋ ಡೀಸೆಲ್ ಎಂಜಿನ್ನಿನ 540 ಬಂತು, ಮೇಜರ್ ಬಂತು. ನಮ್ಮ ಕಡೆ ಈಗಲೂ ‘ಐನೂರ ನಲವತ್ತು’ ಅಂದರೆ ಸಾಕು, ಜೀಪು ಎಂದು ಸೇರಿಸಿ ಹೇಳಬೇಕಾಗಿಲ್ಲ.

ಜೀಪು ಕೊಳ್ಳಲಾಗದವರಿಗೆ ಮಾರುತಿ 800 ಇತ್ತು. 1983ರ ಡಿಸೆಂಬರ್ 14ರಂದು ಮೊದಲ ಕಾರಿನ ಕೀಲಿಯನ್ನು ಇಂದಿರಾ ಗಾಂಧಿ ದೆಹಲಿಯ ಹರ್‌ಪಾಲ್ ಸಿಂಗ್ ಕೈಗೆ ಕೊಟ್ಟರು. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 25 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು. 796 ಸಿಸಿ, ಮೂರೇ ಸಿಲಿಂಡರ್, 12 ಇಂಚಿನ ಚಕ್ರ, ಇಬ್ಬರು ಸೇರಿದರೆ ಹಿಂಭಾಗವನ್ನು ಎತ್ತಿ ಪಕ್ಕಕ್ಕಿಡಬಹುದಾದಷ್ಟು ಹಗುರ. ಎಳೆಯುವ ಚಕ್ರಗಳು ಮುಂದಿರುವುದರಿಂದ, ಎಂಜಿನ್ನಿನ ಭಾರವೂ ಅಲ್ಲೇ ಕೂತಿರುವುದರಿಂದ, ಕೆಸರಿನಲ್ಲಿ ಇದು ತನ್ನ ಗಾತ್ರಕ್ಕೆ ಮೀರಿದ ಧೈರ್ಯ ತೋರಿಸುತ್ತದೆ.

ನನ್ನದು 1994ರ ಮಾಡೆಲ್, ಕಾರ್ಬ್ಯುರೇಟರ್ ಇರುವ 800. ಮೂವತ್ತೆಂಟು ಸಾವಿರ ಕೊಟ್ಟು ತಂದೆ. ಕೊಳ್ಳುವ ಮುಂಚೆ ಗ್ಯಾರೇಜಿನವರು ಎಂಜಿನ್ ನೋಡಲಿಲ್ಲ. ಮ್ಯಾಟ್ ಎತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ನೆಲವನ್ನು ತಟ್ಟುತ್ತ ಹೋದರು. ಟಣ್ ಟಣ್ ಎನ್ನುತ್ತಿದ್ದದ್ದು ಎಡಗಡೆ ಬಾಗಿಲ ಹತ್ತಿರ ಬಂದಾಗ ಡಬ್ ಎಂದಿತು. “ಇಲ್ಲಿ ಕೊರೆದಿದೆ ಮಾರಾಯ್ರೆ. ಎಂಜಿನ್ ಹೋದ್ರೆ ಇನ್ನೊಂದು ತಂದು ಕೂರಿಸಬಹುದು. ಬಾಡಿ ಹೋದ್ರೆ ಏನು ಕೂರಿಸ್ತೀರಿ?” ಅಂದರು. ಆ ಒಂದು ಮಾತು ನನಗೆ ಹಳೇ ಕಾರಿನ ಅರ್ಧ ವಿದ್ಯೆ ಕಲಿಸಿತು. ಆಗುಂಬೆ, ಹುಲಿಕಲ್ ಸೀಮೆಯಲ್ಲಿ ವರ್ಷಕ್ಕೆ ಏಳೆಂಟು ಸಾವಿರ ಮಿಲಿಮೀಟರ್ ಮಳೆ. ನಾಲ್ಕು ತಿಂಗಳು ಒದ್ದೆ ಚಪ್ಪಲಿ, ಒದ್ದೆ ಕೊಡೆಯ ನೀರು ಮ್ಯಾಟಿನ ಕೆಳಗೆ ಇಳಿಯುತ್ತದೆ, ಒಣಗುವುದೇ ಇಲ್ಲ. ತುಕ್ಕು ಮೇಲಿನಿಂದ ಬರುವುದಕ್ಕಿಂತ ಒಳಗಿನಿಂದ ಬರುವುದೇ ಹೆಚ್ಚು.

ಉಳಿದ ಅರ್ಧ ವಿದ್ಯೆ ಕಲಿತದ್ದು ಹುಲಿಕಲ್ ಘಾಟಿಯಲ್ಲಿ. ಜುಲೈ ತಿಂಗಳು, ಹೊಸಂಗಡಿಯಿಂದ ಮೇಲೆ ಹತ್ತುತ್ತಿದ್ದೆ. ಮಳೆ ಎಂದರೆ ವೈಪರ್ ಒಮ್ಮೆ ಹೋಗಿ ಬರುವುದರೊಳಗೆ ಗಾಜು ಮತ್ತೆ ಕುರುಡಾಗುವಂಥದು. ಅರ್ಧ ದಾರಿಯಲ್ಲಿ ಕಾರು ಎಳೆಯುವುದನ್ನು ಬಿಟ್ಟು ಕುಲುಕತೊಡಗಿತು. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಕೈಕೊಟ್ಟರೆ ಬೇರೆ ಸಾಕ್ಷಿ ಬೇಕಿಲ್ಲ, ಸ್ಟೀರಿಂಗ್ ಹಿಡಿದ ಕೈಯೇ ಹೇಳುತ್ತದೆ. ಪಕ್ಕಕ್ಕೆ ನಿಲ್ಲಿಸಿದೆ. ಮೇಲಿನಿಂದ ಇಳಿಯುತ್ತಿದ್ದ ಜೀಪಿನವರು ನಿಲ್ಲಿಸಿ, “ಎಂಥ ಆಯ್ತು?” ಎಂದರು. “ಮಿಸ್ಸಿಂಗ್ ಹೊಡೀತಾ ಉಂಟು” ಎಂದೆ. ಅವರು ಕೊಡೆ ಬಿಚ್ಚಿ ಬಾನೆಟ್ಟಿಗೆ ಅಡ್ಡ ಹಿಡಿದರು. ನಾನು ಡಿಸ್ಟ್ರಿಬ್ಯೂಟರ್ ಕ್ಯಾಪಿನ ಎರಡು ಕ್ಲಿಪ್ ಬಿಚ್ಚಿದೆ. ಒಳಗೆ, ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ ಸಣ್ಣ ಹನಿಗಳ ಪೊರೆ. ಪ್ಲಗ್ಗಿಗೆ ಹೋಗಬೇಕಾದ ಕಿಡಿ ಆ ತೇವದ ಮೇಲೆ ಅಡ್ಡದಾರಿ ಹಿಡಿದಿತ್ತು. ಅಂಗಿಯ ಒಳಗಿನ ಬನಿಯನ್ ಅಂಚೇ ಅಲ್ಲಿ ಒಣಗಿದ್ದ ಏಕೈಕ ಬಟ್ಟೆ. ಅದರಲ್ಲಿ ಕ್ಯಾಪ್ ಒರೆಸಿ, ರೋಟರ್ ಒರೆಸಿ, ಮೂರು ವೈರುಗಳನ್ನೂ ಒತ್ತಿ ಕೂರಿಸಿದೆ. ಮೊದಲ ಸೆಲ್ಫ್‌ಗೇ ಎದ್ದಿತು. ಜೀಪಿನವರು ಹೆಸರನ್ನೂ ಕೇಳದೆ ಹೊರಟುಹೋದರು. ಅಂದಿನಿಂದ ಕ್ಯಾಪಿನ ಸುತ್ತ ಹಳೇ ಟ್ಯೂಬಿನ ರಬ್ಬರ್ ಕತ್ತರಿಸಿ ಕಟ್ಟಿದ್ದೇನೆ, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಒಂದು ಒಣ ಬಟ್ಟೆ ಇರುತ್ತದೆ.

ಹಿಂದಿನ ತಲೆಮಾರಿನವರಿಗೆ ಇದರ ಉಲ್ಟಾ ಪಾಠ ಗೊತ್ತಿತ್ತು. ಬೇಸಿಗೆಯಲ್ಲಿ ಘಾಟಿ ಹತ್ತುವ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಪೆಟ್ರೋಲ್ ಪಂಪಿನೊಳಗೇ ಕಾದು ಆವಿಯಾಗಿ ಗಾಡಿ ನಿಲ್ಲುತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕೂತರೆ ಸರಿ. ಮಳೆಗೆ ಒಣ ಬಟ್ಟೆ, ಬಿಸಿಲಿಗೆ ಒದ್ದೆ ಬಟ್ಟೆ: ಹಳೇ ಗಾಡಿಯ ಟೂಲ್ ಕಿಟ್ಟಿನಲ್ಲಿ ಸ್ಪ್ಯಾನರಿನಷ್ಟೇ ಬಟ್ಟೆಯೂ ಮುಖ್ಯ.

ಬಿಡಿಭಾಗದ ಚಿಂತೆ 800ಕ್ಕೆ ಅಷ್ಟಾಗಿಲ್ಲ. ಶಿವಮೊಗ್ಗದಲ್ಲಿ ಸಿಗದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಅಲ್ಲೂ ಇಲ್ಲದ್ದು ಶಿವಾಜಿನಗರದ ಗುಜರಿಯಲ್ಲಿ. ಹಳೇ ಮಾರುತಿ ಜಿಪ್ಸಿ ಹುಡುಕುವವರದು ಬೇರೆ ಕಥೆ, ಅವರ ಕಣ್ಣು ದೆಹಲಿ ಕಡೆ. ದೆಹಲಿ ಸುತ್ತಮುತ್ತ 15 ವರ್ಷ ದಾಟಿದ ಪೆಟ್ರೋಲ್, 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಓಡಾಟಕ್ಕೆ ಹಸಿರು ಪೀಠ ಹಾಕಿದ ತಡೆಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಬೇಡವಾದ ಗಾಡಿಗಳು ಎನ್‌ಒಸಿ ಹಿಡಿದು ಬೇರೆ ರಾಜ್ಯಗಳಿಗೆ ಹೊರಟವು. ಕೊಳ್ಳುವವರು ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಎಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿಗೆ ತಾಳೆಯಾಗುತ್ತದೆಯೇ ಎಂದು ಕಣ್ಣಾರೆ ನೋಡಬೇಕು. ಅಗ್ಗಕ್ಕೆ ಮನಸೋತು ಇದನ್ನು ಮರೆತವರು ಗಾಡಿಯನ್ನು ಕೊಟ್ಟಿಗೆಯಲ್ಲೇ ನಿಲ್ಲಿಸಿಕೊಂಡದ್ದನ್ನು ಕಂಡಿದ್ದೇನೆ.

ಇನ್ನು ರ‍್ಯಾಲಿ. ಈ ಮಾತು ಕಿವಿಗೆ ಬಿದ್ದರೆ ಎಲ್ಲರ ಕಣ್ಣ ಮುಂದೆ ಬರುವುದು ಧೂಳೆಬ್ಬಿಸುತ್ತ ತಿರುವಿನಲ್ಲಿ ಜಾರುವ ಕಾರು. ಅದೂ ನಮ್ಮ ನೆರೆಯಲ್ಲೇ ಇದೆ. ಚಿಕ್ಕಮಗಳೂರಿನ ಕಾಫಿ ತೋಟದ ಒಳರಸ್ತೆಗಳಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಸುತ್ತುಗಳು ನಡೆದಿವೆ, ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಸುತ್ತೂ ನಡೆದಿದೆ. ಆ ಚಾಂಪಿಯನ್‌ಶಿಪ್ಪನ್ನು ಮೂರು ಬಾರಿ ಗೆದ್ದ ಗೌರವ್ ಗಿಲ್‌ಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಮೋಟಾರ್ ಕ್ರೀಡೆಗೆ ಅದು ಮೊದಲನೆಯದು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ–1000 ರ‍್ಯಾಲಿಯ ಹೆಸರು ಕೇಳದ ರ‍್ಯಾಲಿ ಪ್ರಿಯರಿಲ್ಲ. ಆದರೆ ಅಲ್ಲಿ ಓಡಲು ರೋಲ್ ಕೇಜ್, ಬೆಂಕಿಗೆ ತಡೆಯುವ ಉಡುಪು, ಹೆಲ್ಮೆಟ್, ಲೈಸೆನ್ಸ್ ಬೇಕು. ಒಂದು ತಪ್ಪು ತಿರುವಿಗೆ ಕಾರೇ ಹೋಗುತ್ತದೆ.

ನಮ್ಮಂಥವರದು ಟಿಎಸ್‌ಡಿ: ಸಮಯ, ವೇಗ, ದೂರ. ಇಲ್ಲಿ ಜೋರಾಗಿ ಓಡಿಸಿದವನು ಸೋಲುತ್ತಾನೆ. ಸಾಮಾನ್ಯ ರಸ್ತೆ, ಸಾಮಾನ್ಯ ಸಂಚಾರ, ಕಾನೂನಿನ ಮಿತಿಯೊಳಗಿನ ವೇಗ. ಹೊರಡುವಾಗ ಕೈಗೊಂದು ರೋಡ್‌ಬುಕ್ ಕೊಡುತ್ತಾರೆ. ಅದರಲ್ಲಿ ಊರಿನ ಹೆಸರುಗಳಿಲ್ಲ, ಚಿಕ್ಕಿ ಮತ್ತು ಬಾಣದ ಗುರುತಿನ ಸಣ್ಣ ಚಿತ್ರಗಳಷ್ಟೆ. ಚಿಕ್ಕಿ ಇದ್ದಲ್ಲಿಂದ ಬಂದಿರಿ, ಬಾಣದ ಕಡೆ ಹೋಗಿ. ನೆದರ್‌ಲೆಂಡ್ಸ್‌ನ ಟುಲಿಪ್ ರ‍್ಯಾಲಿಯಿಂದ ಬಂದ ಪದ್ಧತಿಯಾದ್ದರಿಂದ ಈ ಚಿತ್ರಗಳಿಗೆ ಟುಲಿಪ್ ಎಂದೇ ಹೆಸರು. ಇಷ್ಟು ದೂರಕ್ಕೆ ಇಷ್ಟು ಸರಾಸರಿ ವೇಗ ಎಂದು ಹೇಳಿರುತ್ತಾರೆ. ದಾರಿಯಲ್ಲಿ ಎಲ್ಲೋ, ನಿಮಗೆ ಗೊತ್ತಿಲ್ಲದ ಕಡೆ, ಸಮಯ ಬರೆದುಕೊಳ್ಳುವವರು ಕೂತಿರುತ್ತಾರೆ. ತಡವಾದರೆ ದಂಡ, ಬೇಗ ಬಂದರೆ ಸಾಮಾನ್ಯವಾಗಿ ಇನ್ನೂ ಹೆಚ್ಚು ದಂಡ.

ಡ್ರೈವರಿಗಿಂತ ಪಕ್ಕದಲ್ಲಿ ಕೂತವರ ತಲೆ ಇಲ್ಲಿ ಮುಖ್ಯ. ನನಗೆ ನ್ಯಾವಿಗೇಟರ್ ಅಕ್ಕನ ಮಗಳು. ತೊಡೆಯ ಮೇಲೆ ರಟ್ಟು, ಅದರ ಮೇಲೆ ಕೋಷ್ಟಕ, ಕೈಯಲ್ಲಿ ಸ್ಟಾಪ್‌ವಾಚ್. ಸರಾಸರಿ 36 ಎಂದರೆ ಒಂದು ಕಿಲೋಮೀಟರಿಗೆ 100 ಸೆಕೆಂಡ್, 30 ಎಂದರೆ 120, 24 ಎಂದರೆ 150. ಒಮ್ಮೆ ಸಂಜೆ ಹೊತ್ತಿಗೆ ಮನೆಗೆ ಮರಳುವ ದನಗಳು ರಸ್ತೆ ತುಂಬಿಕೊಂಡವು. ಹಾರನ್ ಮಾಡುವ ಹಾಗಿಲ್ಲ, ಹಿಂದೆ ಕರು ಇತ್ತು. ನಲವತ್ತು ಸೆಕೆಂಡ್ ಹೋಯಿತು. ದನ ಸರಿದದ್ದೇ ನಾನು ಆಕ್ಸಿಲರೇಟರ್ ತುಳಿದೆ. “ಮಾವಾ, ಕಾಲು ತೆಗಿ. ಮುಂದಿನ ಎಂಟು ಕಿಲೋಮೀಟರ್ 38ರಲ್ಲಿ ಹೋಗು, ಸಾಕು” ಎಂದಳು. ಲೆಕ್ಕ ಹಾಕಿ ನೋಡಿ: 36ರಲ್ಲಿ ಎಂಟು ಕಿಲೋಮೀಟರಿಗೆ 800 ಸೆಕೆಂಡ್, 38ರಲ್ಲಿ ಸುಮಾರು 760. ಕಳೆದುಕೊಂಡದ್ದು ಬರೀ ಎರಡು ಕಿಲೋಮೀಟರ್ ವೇಗದಲ್ಲಿ ವಾಪಸ್ ಬಂತು. ಮೂವತ್ತು ವರ್ಷದ 800 ಇಂಥ ರ‍್ಯಾಲಿಯಲ್ಲಿ ಹೊಸ ಎಸ್‌ಯುವಿಯ ಪಕ್ಕ ತಲೆಯೆತ್ತಿ ನಿಲ್ಲುವುದು ಈ ಲೆಕ್ಕದಿಂದಲೇ.

ಲೆಕ್ಕದಲ್ಲಿ ಇನ್ನೊಂದು ಬಲೆಯೂ ಇದೆ. ಕಚ್ಚಾ ರಸ್ತೆಗೆಂದು ಅನೇಕರು 800ರ 145/70 ಟಯರ್ ತೆಗೆದು 145/80 ಹಾಕಿಸುತ್ತಾರೆ. ಹೊಟ್ಟೆ ನೆಲದಿಂದ ಹತ್ತಿರ ಹತ್ತಿರ ಒಂದೂವರೆ ಸೆಂಟಿಮೀಟರ್ ಮೇಲೇಳುತ್ತದೆ, ಕಲ್ಲು ಬಡಿಯುವುದು ಕಡಿಮೆಯಾಗುತ್ತದೆ. ಆದರೆ ಚಕ್ರ ದೊಡ್ಡದಾದ್ದರಿಂದ ಮೀಟರ್ 100 ತೋರಿಸುವಾಗ ಕಾರು 105ಕ್ಕೂ ಮೀರಿ ಓಡಿರುತ್ತದೆ. ರ‍್ಯಾಲಿ ಶುರುವಿನಲ್ಲಿ ದೂರ ತಾಳೆ ನೋಡಿಕೊಳ್ಳಲು ಅವಕಾಶ ಕೊಡುವುದು ಇದಕ್ಕೇ. ಆ ಭಾಗವನ್ನು ಹರಟೆಯಲ್ಲಿ ಕಳೆದವರು ದಿನವಿಡೀ ತಪ್ಪು ದಾರಿಯಲ್ಲಿರುತ್ತಾರೆ.

ಅಗ್ಗದ ಹಳೇ ಕಾರಿನ ಈ ಪ್ರೀತಿ ನಮ್ಮೊಬ್ಬರದ್ದಲ್ಲ. 2004ರಲ್ಲಿ ಶುರುವಾದ ಮಂಗೋಲ್ ರ‍್ಯಾಲಿಗೆ ಮೊದಲಿಗೆ ಒಂದು ಲೀಟರಿಗಿಂತ ದೊಡ್ಡ ಎಂಜಿನ್ ಬೇಡವೆಂದೇ ನಿಯಮ. ನಮ್ಮ 796 ಸಿಸಿ ಅಲ್ಲಿ ಸಲೀಸಾಗಿ ಸಲ್ಲುತ್ತಿತ್ತು. ಫಿನ್ಲೆಂಡ್, ಸ್ವೀಡನ್ನಿನ ಫೋಕ್‌ರೇಸ್‌ನಲ್ಲಿ ಇನ್ನೂ ಚೆಂದದ ಕಟ್ಟಳೆ ಇದೆ: ಓಟ ಮುಗಿದ ಮೇಲೆ ಯಾರಾದರೂ ಕೇಳಿದರೆ ನಿಮ್ಮ ಕಾರನ್ನು ನಿಗದಿ ಮಾಡಿದ ಸಣ್ಣ ಬೆಲೆಗೆ ಮಾರಲೇಬೇಕು. ಹಾಗಾಗಿ ಯಾರೂ ಕಾರಿಗೆ ದುಡ್ಡು ಸುರಿಯುವುದಿಲ್ಲ, ಕೈಚಳಕವನ್ನಷ್ಟೇ ಸುರಿಯುತ್ತಾರೆ.

ನಮ್ಮಲ್ಲಿ ದುಡ್ಡಿನ ಕಷ್ಟ ಬೇರೆ ಕಡೆಯಿಂದ ಬರುತ್ತಿದೆ. 15 ವರ್ಷ ತುಂಬಿದ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ₹600 ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ ₹5,000. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ₹10,000. ಹೊಗೆ ಉಗುಳುವ ಗಾಡಿ ರಸ್ತೆಯಿಂದ ಇಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಗೆ ತಪಾಸಣೆ, ಫಿಟ್‌ನೆಸ್ ಎರಡರಲ್ಲೂ ಪಾಸಾದ ಗಾಡಿಗೆ ವಯಸ್ಸಿನ ಕಾರಣಕ್ಕೇ ಇಷ್ಟು ಭಾರ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. 50 ವರ್ಷ ದಾಟಿದ ಕಾರಿಗೆ 2021ರ ನಿಯಮದಲ್ಲಿ ವಿಂಟೇಜ್ ಎಂಬ ಮರ್ಯಾದೆಯಿದೆ. ಮೂವತ್ತರ ಪ್ರಾಯದ 800, ನಲವತ್ತರ ಜೀಪು ಆ ಐವತ್ತನ್ನು ಮುಟ್ಟುವ ತನಕ ಬದುಕಬೇಕಲ್ಲ?

ಹೊಸಬರಿಗೆ ಒಂದು ಮಾತು ಬಿಗಿಯಾಗಿಯೇ ಹೇಳುತ್ತೇನೆ. ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯದೊಳಗಿದೆ. ದಾರಿ ಬಿಟ್ಟು ಕಾಡಿಗೆ, ಹುಲ್ಲುಗಾವಲಿಗೆ, ಹಳ್ಳಕ್ಕೆ ಗಾಡಿ ನುಗ್ಗಿಸಿ ವಿಡಿಯೊ ಮಾಡುವುದು ರ‍್ಯಾಲಿಯಲ್ಲ, ಅದು ಅಪರಾಧ. ಮಳೆಗಾಲದಲ್ಲಿ ಒಂಟಿ ಮನೆಯ ಮಣ್ಣು ರಸ್ತೆಯಲ್ಲಿ ಮೋಜಿಗೆ ಚಕ್ರ ತಿರುಗಿಸಿದರೆ, ಆ ಕೊರಕಲಿನಲ್ಲಿ ಮಾರನೇ ದಿನ ಹಾಲಿನ ಕ್ಯಾನ್ ಹೊತ್ತು ನಡೆಯುವವರು ಬೇರೆಯವರು.

ಈ ವಾರ ಮಳೆ ಬಿಡುವು ಕೊಟ್ಟಿದೆ. ನಿನ್ನೆ ನನ್ನ ಕಾರಿನ ನಾಲ್ಕೂ ಬಾಗಿಲ ಕೆಳಅಂಚಿನ ತೂತುಗಳಿಗೆ ಹಿಡಿಕಡ್ಡಿ ಹಾಕಿ ಕೆದಕಿದೆ. ಬಾಗಿಲಿನೊಳಗೆ ಇಳಿದ ನೀರು ಹೊರಹೋಗಲು ಇಟ್ಟ ತೂತುಗಳು ಅವು. ಕೆಮ್ಮಣ್ಣು ಕಟ್ಟಿಕೊಂಡರೆ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ. ಮೂರರಿಂದ ಬರೀ ಮಣ್ಣು ಬಂತು. ಎಡಗಡೆ ಹಿಂದಿನದರಿಂದ ಒಂದು ಲೋಟದಷ್ಟು ಕೆಂಪು ನೀರು. ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನ ಹಿಡಿಯಿಂದ ನೆಲ ತಟ್ಟುತ್ತ ಹೋದೆ. ನ್ಯಾವಿಗೇಟರ್ ಕಾಲಿಡುವ ಜಾಗದಲ್ಲಿ ಡಬ್ ಎಂದಿತು. ಟಿಂಕರಿಂಗಿನವರಿಗೆ ಫೋನ್ ಮಾಡಿದ್ದೇನೆ, ಮಂಗಳವಾರ ಬಾ ಎಂದಿದ್ದಾರೆ.