ಓಡಿ ಬಂದ ಎದೆ, ಅಲುಗದ ಬೆರಳು

ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದವರಿಗೆ ಆ ಏರು ಎಂಥದೆಂದು ಹೇಳಬೇಕಾಗಿಲ್ಲ. ‘ಉಘೇ ಮಾದಪ್ಪ’ ಎನ್ನುತ್ತ ಹೊರಟ ಕೊರಳು ಅರ್ಧ ದಾರಿಯಲ್ಲೇ ಬತ್ತುತ್ತದೆ. ಎದೆ ತಮಟೆಯಂತೆ ಬಡಿದುಕೊಳ್ಳುತ್ತದೆ. ಅಂಥ ಏರನ್ನು ಓಡಿಕೊಂಡೇ ಹತ್ತಿ ಬಂದವರ ಕೈಗೆ ಒಂದು ಸೂಜಿ, ಒಂದು ರೇಷ್ಮೆ ಎಳೆ ಕೊಟ್ಟು, ‘ಅರ್ಧ ನಿಮಿಷದಲ್ಲಿ ಐದು ಸಲ ಪೋಣಿಸಿ’ ಎಂದರೆ ಹೇಗಿರುತ್ತದೆ? ಯುರೋಪಿನ ಹಿಮದ ನಾಡುಗಳಲ್ಲಿ ಜನ ಮುಗಿಬಿದ್ದು ನೋಡುವ ಬಯಾತ್ಲಾನ್ ಎಂಬ ಕ್ರೀಡೆ ಕೇಳುವುದು ಹೆಚ್ಚುಕಡಿಮೆ ಇದನ್ನೇ.

ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಹಿಮ ಬೀಳುವುದಿಲ್ಲ. ಹಾಗಿದ್ದೂ ಈ ಆಟದಲ್ಲಿ ನಮ್ಮ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿಗಳಿವೆ.

ಆಟದ ಬಗೆ

ಹಿಮದ ಮೇಲೆ ಜಾರುವ ಸ್ಕೀ ಪಟ್ಟಿಗಳನ್ನು ಕಾಲಿಗೆ ಬಿಗಿದು, ಕನಿಷ್ಠ 3.5 ಕಿಲೋ ತೂಕದ .22 ರೈಫಲನ್ನು ಬೆನ್ನಿಗೇರಿಸಿ ಸ್ಪರ್ಧಿ ಹೊರಡುತ್ತಾನೆ. ಪುರುಷರ ಅತಿ ದೀರ್ಘ ಸ್ಪರ್ಧೆ 20 ಕಿ.ಮೀ. ಎಂದರೆ, ಕೊಳ್ಳೇಗಾಲ ಬಿಟ್ಟು ಹನೂರು ಸೇರುವ ಸ್ವಲ್ಪ ಮೊದಲಿನವರೆಗಿನ ದೂರ. ನಡುನಡುವೆ ನಾಲ್ಕು ಬಾರಿ ನಿಂತು, ಪ್ರತಿ ಬಾರಿಯೂ 50 ಮೀಟರ್ ಆಚೆಗಿನ ಐದು ಗುರಿಗಳಿಗೆ ಐದು ಗುಂಡು ಹಾರಿಸಬೇಕು. ಮಲಗಿ ಹೊಡೆಯುವಾಗ ಗುರಿಯ ಅಗಲ 45 ಮಿ.ಮೀ., ಹೆಚ್ಚೆಂದರೆ ಒಂದು ನಿಂಬೆಹಣ್ಣು. ನಿಂತು ಹೊಡೆಯುವಾಗ 115 ಮಿ.ಮೀ., ತೆಂಗಿನಕಾಯಿಯ ಒಂದು ಹೋಳಿನಷ್ಟು.

ತಪ್ಪಿದ ಗುಂಡಿಗೆ ದಂಡ ಉಂಟು. ಹೆಚ್ಚಿನ ಸ್ಪರ್ಧೆಗಳಲ್ಲಿ ತಪ್ಪೊಂದಕ್ಕೆ 150 ಮೀಟರ್ ಸುತ್ತೊಂದನ್ನು ಹೆಚ್ಚಾಗಿ ಹಾಕಬೇಕು. ದೀರ್ಘ ಸ್ಪರ್ಧೆಯಲ್ಲಿ ಸುತ್ತಿನ ಬದಲು ಒಂದು ನಿಮಿಷವನ್ನೇ ಲೆಕ್ಕಕ್ಕೆ ಸೇರಿಸುತ್ತಾರೆ. ವೇಗವಾಗಿ ಓಡಿದವನು ಗೆಲ್ಲುತ್ತಾನೆಂಬ ಭರವಸೆ ಇಲ್ಲಿಲ್ಲ. ಗುರಿಕಾರನೇ ಗೆಲ್ಲುತ್ತಾನೆಂದೂ ಇಲ್ಲ. ಓಡಿ ಬಂದ ಉಸಿರನ್ನು ಕ್ಷಣದಲ್ಲಿ ಹತೋಟಿಗೆ ತಂದುಕೊಂಡು, ಎರಡು ಉಸಿರಿನ ನಡುವಿನ ಸಣ್ಣ ಬಿಡುವಿನಲ್ಲಿ ಕುದುರೆ ಎಳೆಯಬಲ್ಲವರದೇ ಮೇಲುಗೈ.

ಹುಟ್ಟಿನಲ್ಲಿ ಇದು ಸೈನಿಕರ ಆಟ. 1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿಯಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬಯಾತ್ಲಾನ್ ಎಂಬ ಹೆಸರಿನಿಂದ ಸೇರಿತು. ಸ್ವೀಡನ್ನಿನ ಕ್ಲಾಸ್ ಲೆಸ್ಟಾಂಡರ್ ಮೊದಲ ಚಿನ್ನ ಗೆದ್ದರು. ಅಂದು ಸೇನೆಯ ದೊಡ್ಡ ಬಂದೂಕುಗಳಿದ್ದವು, 1978ರಿಂದ ಹಗುರವಾದ.22 ಬಂತು. ಮಹಿಳೆಯರು ಒಲಿಂಪಿಕ್ಸ್‌ನ ಬಯಾತ್ಲಾನ್ ಕಣಕ್ಕಿಳಿಯಲು 1992ರವರೆಗೆ ಕಾಯಬೇಕಾಯಿತು.

ಐದು ಅಂಕಗಳ ಕಥೆ

ವಿಶ್ವಕಪ್ ಎಂದರೆ ಇಲ್ಲಿ ಒಂದೇ ಫೈನಲ್ ಅಲ್ಲ. ನವೆಂಬರ್ ಕೊನೆಗೆ ಶುರುವಾಗಿ ಮಾರ್ಚ್‌ವರೆಗೆ ಊರೂರು ಸುತ್ತುವ ಪಂದ್ಯಮಾಲೆ. ಪ್ರತಿ ಸ್ಪರ್ಧೆಯಲ್ಲಿ ಮೊದಲಿಗರಿಗೆ 90 ಅಂಕ, ಎರಡನೆಯವರಿಗೆ 75. ಹೀಗೇ ಇಳಿಯುತ್ತ 40ನೆಯವರಿಗೆ ಒಂದು. ಒಟ್ಟು ಮೊತ್ತದಲ್ಲಿ ಮುಂದಿರುವವರು ಹಳದಿ ಅಂಗಿ ತೊಡುತ್ತಾರೆ. ಋತುವಿನ ಕೊನೆಯಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರಿಗೆ ಸ್ಫಟಿಕದ ಗೋಳ.

2024-25ರ ಮಾಲೆಯನ್ನೇ ನೋಡಿ. ಫಿನ್ಲೆಂಡಿನ ಕೊಂಟಿಯೋಲಾಹ್ತಿಯಲ್ಲಿ ಹೊರಟ ಸ್ಪರ್ಧಿಗಳು ಆಸ್ಟ್ರಿಯಾ, ಫ್ರಾನ್ಸ್, ಜರ್ಮನಿ, ಇಟಲಿ, ಜೆಕ್ ನಾಡು, ಸ್ಲೊವೇನಿಯಾಗಳನ್ನು ಸುತ್ತಿ ನಾರ್ವೆಯ ಓಸ್ಲೋ ನಗರದ ಹೋಲ್ಮೆನ್‌ಕೋಲೆನ್‌ಗೆ ಬಂದರು. ಮಹಿಳೆಯರ ಕೊನೆಯ ಸ್ಪರ್ಧೆ ಬಾಕಿಯಿತ್ತು. ಜರ್ಮನಿಯ ಫ್ರಾಂಜಿಸ್ಕಾ ಪ್ರಾಯ್ಸ್ ಮತ್ತು ಫ್ರಾನ್ಸಿನ ಲೂ ಜಾನ್‌ಮೊನೋ ನಡುವೆ ಇದ್ದ ಅಂತರ ಕೇವಲ ಐದು ಅಂಕ!

ಕೊನೆಯ ಸುತ್ತಿನಲ್ಲೂ ಇಬ್ಬರೂ ಜೊತೆಜೊತೆಗೇ. ಗೆರೆ ಇನ್ನೇನು ಕಾಣಬೇಕು ಎನ್ನುವಾಗ ಜಾನ್‌ಮೊನೋ ಆಯ ತಪ್ಪಿ ಹಿಮದ ಮೇಲೆ ಬಿದ್ದರು. ಎದ್ದು ಎರಡನೆಯವರಾಗಿ ಗೆರೆ ದಾಟಿದರಾದರೂ ಗೋಳ ಪ್ರಾಯ್ಸ್ ಪಾಲಾಯಿತು. ಅಂತಿಮ ಅಂತರ 20 ಅಂಕ. ಅನಾರೋಗ್ಯದಿಂದ ಮತ್ತೆ ಮತ್ತೆ ಹಿನ್ನಡೆ ಕಂಡಿದ್ದ ಪ್ರಾಯ್ಸ್ 31ರ ವಯಸ್ಸಿನಲ್ಲಿ ಮೊದಲ ಬಾರಿಗೆ ಆ ಗೌರವಕ್ಕೆ ಪಾತ್ರರಾದರು.

ಎಲ್ಲರ ಕಣ್ಣಿಗೆ ಬಿದ್ದದ್ದು ಆ ಬೀಳು. ಆದರೆ ಲೆಕ್ಕ ಹಾಕಿ ನೋಡಿ: ಡಿಸೆಂಬರಿನ ಯಾವುದೋ ಬೆಳಿಗ್ಗೆ ಗುರಿ ತಪ್ಪಿದ ಒಂದು ಗುಂಡು ಮಾರ್ಚ್‌ನಲ್ಲಿ ಐದು ಅಂಕವಾಗಿ ಎದುರು ನಿಲ್ಲಬಲ್ಲದು. ಜೂನ್‌ನಿಂದ ಓದದೆ ಫೆಬ್ರುವರಿಯಲ್ಲಿ ರಾತ್ರಿಯಿಡೀ ದೀಪ ಉರಿಸುವವರಿಗೆ ಈ ಲೆಕ್ಕ ಬೇಗ ಅರ್ಥವಾದೀತು.

ಹಿಮವಿಲ್ಲದ ನಾಡಿನಿಂದ

ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಈವರೆಗೆ ಒಂದು ಪದಕವೂ ದಕ್ಕಿಲ್ಲ. ಅಂದಮೇಲೆ ಕನ್ನಡ ನಾಡಿನ ಮಾತೇಕೆ ಎನ್ನಬೇಡಿ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರದು ಬಯಾತ್ಲಾನ್ ಅಲ್ಲ. ಅದರ ಅರ್ಧ ಭಾಗವೇ ಆದ ಕ್ರಾಸ್ ಕಂಟ್ರಿ ಸ್ಕೀಯಿಂಗ್. ಎನ್‌ಸಿಸಿ, ಪರ್ವತಾರೋಹಣಗಳ ಹಾದಿಯಿಂದ ಹಿಮಕ್ಕೆ ಬಂದ ಅವರು ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. 2023ರಲ್ಲಿ ಸ್ಲೊವೇನಿಯಾದ ಪ್ಲಾನಿಟ್ಸಾದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋದರು. 2025ರಲ್ಲಿ ಚಿಲಿ ದೇಶದಲ್ಲಿ 5 ಕಿ.ಮೀ. ಸ್ಪರ್ಧೆಯಲ್ಲಿ ಕಂಚು ಗೆದ್ದರು. ಕೊಡಗಿನಲ್ಲೂ ಹಿಮವಿಲ್ಲ, ಮಳೆಯಷ್ಟೇ!

ನಮ್ಮ ಮೂರು ತಾಲ್ಲೂಕುಗಳಲ್ಲಿ ಏನಿದೆ? ಬಿಳಿಗಿರಿರಂಗನ ಬೆಟ್ಟದ ಏರಿದೆ, ಮಾದಪ್ಪನ ಬೆಟ್ಟದ ಏರಿದೆ. ದಿನವೂ ಇಳಿಜಾರು ಹತ್ತಿ ಶಾಲೆಗೆ ಬರುವ ಮಕ್ಕಳಿದ್ದಾರೆ. ಕಾಲು, ಎದೆ ಗಟ್ಟಿಯಾಗಲು ಹಿಮ ಬೇಕಿಲ್ಲ. ಎನ್‌ಸಿಸಿ ಕೆಡೆಟ್‌ಗಳು ಮಲಗಿ ಗುರಿ ಇಡುವುದು ಸಹ .22 ರೈಫಲಿನಲ್ಲೇ. ಬಯಾತ್ಲಾನ್ ಆಟಗಾರರೂ ಬೇಸಿಗೆಯಲ್ಲಿ ಗಾಲಿ ಕಟ್ಟಿದ ಸ್ಕೀಗಳಲ್ಲಿ ಡಾಂಬರು ರಸ್ತೆಯ ಮೇಲೆಯೇ ಅಭ್ಯಾಸ ಮಾಡುತ್ತಾರೆ.

ತಂದೆ-ತಾಯಿಯರಿಗೆ

ಆಸೆ ತೋರಿಸಿ ಮೋಸ ಮಾಡುವುದು ಸರಿಯಲ್ಲ. ಸ್ಕೀ, ಬೆಚ್ಚನೆಯ ಉಡುಪು, ಪ್ರಯಾಣ ಎಲ್ಲಕ್ಕೂ ದುಡ್ಡು ಬೇಕು. ವರ್ಷದ ಹಲವು ತಿಂಗಳು ಮನೆ ಬಿಟ್ಟಿರಬೇಕು. ಪದಕ ಬರುವುದು ನೂರರಲ್ಲಿ ಒಬ್ಬರಿಗೂ ಕಷ್ಟ. ಆದರೆ ಮೊದಲ ಮೆಟ್ಟಿಲು ದುಬಾರಿಯಲ್ಲ. ಮಗಳು ತಾಲ್ಲೂಕು ಮಟ್ಟದ ಗುಡ್ಡಗಾಡು ಓಟದಲ್ಲಿ ಮುಂದೆ ಬಂದರೆ ‘ಸಾಕು, ಪುಸ್ತಕ ಹಿಡಿ’ ಎಂದು ನಿಲ್ಲಿಸುವ ಮುನ್ನ ಶಾಲೆಯ ದೈಹಿಕ ಶಿಕ್ಷಕರೊಡನೆ ಒಮ್ಮೆ ಮಾತನಾಡಿ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಿಸಿ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಅಲ್ಲಿನ ಶಿಬಿರಗಳ ವಿಚಾರ ಕೇಳಿ ತಿಳಿದುಕೊಳ್ಳಿ.

ಹಿಮದ ತನಕ ಹೋಗದಿದ್ದರೂ ನಷ್ಟವೇನಿಲ್ಲ. ಮೂರು ಗಂಟೆಯ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕಂಡು ಎದೆ ಡವಗುಟ್ಟುವಾಗ ಒಂದು ಉಸಿರು ಒಳಗೆಳೆದು, ಬಿಟ್ಟು, ಮೊದಲ ಪ್ರಶ್ನೆಗೆ ನಿಧಾನವಾಗಿ ಕೈ ಹಚ್ಚುವುದನ್ನು ಕಲಿತ ಮಗು ಮನೆಗೆ ದಕ್ಕಿದರೆ ಅದೇನು ಸಣ್ಣ ಗಳಿಕೆಯಲ್ಲ.